ಎಣ್ಣೆ ಸವರಿದ ಕೈ

ಇಸ್ತ್ರಿಯ ಮಡಿಕೆ ಕೂಡ ಬಿಚ್ಚದ ನನ್ನ ಬಿಳಿ ಕರವಸ್ತ್ರವನ್ನು ಜೇಬಿನಿಂದ ಎಳೆದುಕೊಂಡವಳೇ ಇವಳು ಆ ಚಾಕುವಿನ ಅಲಗನ್ನು ಒರೆಸಿಬಿಟ್ಟಳು.

"ಏ, ಅದು ಹೊಸದು ಕಣೇ!" ಎಂದು ಕೂಗಿದೆ.

"ಚಾಕು ಹಳೇದಲ್ವಾ, ಸರಿಹೋಯ್ತು ಬಿಡಿ."

ಕರವಸ್ತ್ರದ ನಟ್ಟನಡುವೆ ಎಣ್ಣೆಯ ಜೊತೆ ಕಡುಗಪ್ಪು ಕಲೆ. ಸಾಬೂನಿಗೆ ಬಗ್ಗುವ ಕಲೆಯಲ್ಲ ಎಂದು ನೋಡಿದ ಕೂಡಲೇ ಗೊತ್ತಾಯಿತು. ನಾನು ದರ್ಜಿ, ಬಟ್ಟೆಯ ಸಂಕಟ ನನಗೆ ಗೊತ್ತು. ಇವಳು ಮಾತ್ರ ಆ ಕಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ತನ್ನ ಕೈಚೀಲಕ್ಕೆ ಸೇರಿಸಿದಳು. ನನ್ನ ಕರವಸ್ತ್ರ ನನಗೆ ವಾಪಸ್ ಬರಲಿಲ್ಲ.

ಇವಳೆಂದರೆ ನನ್ನ ಹೆಂಡತಿ. ಸುತ್ತಲಿನ ಬೀದಿಗಳವರ ಬಾಯಲ್ಲಿ ಪತ್ತೇದಾರಮ್ಮ. ಯಾರ ಮನೆಯಲ್ಲಿ ಏನು ಕಳೆದರೂ ಮೊದಲು ಇವಳಿಗೆ ಹೇಳಿಕಳಿಸುತ್ತಾರೆ, ಹಿಂದೆ ಹಿಂದೆ ಹೋಗುವ ಭಾಗ್ಯ ನನ್ನದು. ಈ ಸಲ ಕರೆ ಬಂದದ್ದು ನನಗೂ ಬೇಕಾದ ಜಾಗದಿಂದ. ಮಡಚುವ ಚಾಕು ಮಾಡುವ ಈ ಕಾರ್ಖಾನೆಗೆ ಚಾಕು ಇಡುವ ಬಟ್ಟೆಚೀಲಗಳನ್ನು ಹೊಲಿದುಕೊಡುವವನು ನಾನೇ.

ನಿನ್ನೆ ಸಂಜೆ ಗಾಜಿನ ಪೆಟ್ಟಿಗೆಯಿಂದ ಮಾಯವಾಗಿದ್ದ, ಕಾರ್ಖಾನೆಯ ಯಜಮಾನರ ತೀರಿಹೋದ ಹೆಂಡತಿಯ ಈ 'ಅಮ್ಮನ ಚಾಕು' ಇವತ್ತು ಬೆಳಿಗ್ಗೆ ಅವರ ಅಳಿಯನ ಸಾಮಾನು ಚೀಲದಲ್ಲಿ ಸಿಕ್ಕಿತ್ತು.

"ಸಿಕ್ತಲ್ಲಮ್ಮ, ಇನ್ನೇನು ಪತ್ತೆ ಮಾಡೋದಿದೆ?" ಎಂದರು ಯಜಮಾನರು. ದಪ್ಪ ಹುಬ್ಬು, ಮೊಣಕಾಲಿನವರೆಗೆ ಇಳಿದ ಏಪ್ರನ್, ಅಂಗೈಯ ಗೆರೆಗೆರೆಯಲ್ಲೂ ಉಕ್ಕಿನ ಪುಡಿ. "ಕೊಡಿ ಇಲ್ಲಿ. ಪೆಟ್ಟಿಗೆಗೆ ಸೇರಿಸಿ ಬೀಗ ಹಾಕ್ತೀನಿ."

"ಒಂದು ಗಳಿಗೆ ನನ್ನ ಹತ್ರ ಇರಲಿ ಯಜಮಾನರೇ. ತಿಂದುಹಾಕಲ್ಲ."

ಉದ್ದನೆಯ ಕೋಣೆ. ಒಂದು ಬದಿಯ ಉದ್ದಕ್ಕೂ ಕಿಟಕಿ, ಕಿಟಕಿಯ ಕೆಳಗೆ ಗೀರುಗೀರಾದ ಮರದ ಮೇಜು. ಮೂಲೆಯಲ್ಲಿ ಸಾಣೆ ಚಕ್ರ. ಎದುರು ಗೋಡೆಯಲ್ಲಿ ಆ ಗಾಜಿನ ಪೆಟ್ಟಿಗೆ, ಒಳಗೆ ಚಾಕುವಿನ ಆಕಾರಕ್ಕೆ ತಗ್ಗು ಬಿದ್ದ ಖಾಲಿ ಮೆತ್ತೆ. ಬಾಗಿಲ ಬಳಿ ಹೆಗಲಿಗೆ ಚೀಲ ಏರಿಸಿಕೊಂಡು ಅಳಿಯ ನಿಂತಿದ್ದ. ಅವನ ಪಕ್ಕದಲ್ಲಿ ಯಜಮಾನರ ಮಗಳು, ಅವಳ ಕಾಲ ಬಳಿ ಬಟ್ಟೆಬರೆಯ ಪೆಟ್ಟಿಗೆ. ಮಧ್ಯಾಹ್ನದೊಳಗೆ ಮನೆ ಬಿಡು ಎಂದು ಯಜಮಾನರು ಅಳಿಯನಿಗೆ ಹೇಳಿದ್ದರು. ಅವರು ಹೋದರೆ ನಾನೂ ಹೋಗುತ್ತೇನೆ ಎಂದು ಮಗಳು ಅಪ್ಪನಿಗೆ ಹೇಳಿದ್ದಳು. ಅಪ್ಪ ಮಗಳು ಇಬ್ಬರದೂ ಒಂದೇ ಅಚ್ಚಿನ ಹಠ.

ಬೆಳಗಾದರೆ ಜಗಳ, ಊಟದ ಹೊತ್ತಿಗೆ ನಗು ಎನ್ನುವ ಈ ಮನೆಯನ್ನು ಎಷ್ಟೋ ವರ್ಷದಿಂದ ನೋಡಿದ್ದೇನೆ. ಇಬ್ಬರೂ ಹೊರಟುಹೋದರೆ ಯಜಮಾನರಿಗೆ ಉಳಿಯುವುದು ತಂಗಿಯೊಬ್ಬಳು ಮತ್ತು ಸಾಣೆ ಚಕ್ರ.

ಆ ತಂಗಿಯೇ ಸಾಣೆ ಅತ್ತೆ. ಯಾರಿಗೆ ಅತ್ತೆ ಎಂದು ಕೇಳಬೇಡಿ, ಎಲ್ಲರಿಗೂ. ಅಲಗಿಗೆ ಸಾಣೆ ಹಿಡಿಯುವುದರಲ್ಲಿ ಎತ್ತಿದ ಕೈ. ನಾಲಿಗೆಗೂ ದಿನಾ ಅದೇ ಕಲ್ಲಿನ ಮೇಲೆ ಸಾಣೆ ಹಿಡಿಯುತ್ತಾರೆ ಎಂದು ಅಳಿಯನ ಅನುಮಾನ.

ಜಗಳದ ಮೂಲ ಉಕ್ಕು. ದೋಣಿಯವರ ಸಂಘದವರು ತಮ್ಮವರೆಲ್ಲರಿಗೂ ಮಡಚುವ ಚಾಕು ಬೇಕೆಂದು ಕೇಳಿದ್ದರು. ಅಲಗು ಕಾರ್ಬನ್ ಸ್ಟೀಲಿನದೋ ಸ್ಟೇನ್‌ಲೆಸ್‌ನದೋ ಎನ್ನುವುದನ್ನು ಇವತ್ತು ಸಂಜೆಯೊಳಗೆ ತಿಳಿಸಬೇಕಿತ್ತು.

"ಕಾರ್ಬನ್ನೇ," ಎನ್ನುತ್ತಿದ್ದರು ಯಜಮಾನರು. "ಕಲ್ಲಿಗೆ ಮುಟ್ಟಿಸಿದ್ರೆ ಸಾಕು, ಅಂಚು ಬರುತ್ತೆ. ಒರೆಸಿ ಎಣ್ಣೆ ಹಚ್ಚಿ ಇಟ್ಕೊಂಡ್ರೆ ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತೆ."

"ದೋಣೀಲಿ ಗಾಳಿ ಬೀಸ್ತಿರುವಾಗ ಯಾರು ಮಾವ ಒರೆಸ್ತಾ ಕೂರ್ತಾರೆ?" ಎನ್ನುತ್ತಿದ್ದ ಅಳಿಯ. "ಉಪ್ಪುನೀರು ಬಿದ್ದ ಮಾರನೇ ದಿನ ಕೀಲು ತುಕ್ಕು ಹಿಡಿದು ಚಾಕು ಬಿಚ್ಚೋದೇ ಇಲ್ಲ. ಸ್ಟೇನ್‌ಲೆಸ್ ಆದ್ರೆ ಹಾಗೇ ಮಡಚಿ ಜೇಬಿಗೆ ಹಾಕ್ಕೋಬಹುದು."

"ಸ್ಟೇನ್‌ಲೆಸ್ ಮೊಂಡಾದ್ರೆ ಅದನ್ನ ಹರಿತ ಮಾಡೋಳು ನಾನು ತಾನೇ?" ಎನ್ನುತ್ತಿದ್ದರು ಅತ್ತೆ. "ಆಮೇಲೆ ನನ್ನ ಸೊಂಟ ಯಾರು ವಾಪಸ್ ಕೊಡ್ತಾರೆ?"

ತೋಟದವರಿಗೆ, ಅಡುಗೆಯವರಿಗೆ ಕಾರ್ಬನ್ ಕೊಡೋಣ, ನೀರಲ್ಲೇ ಬದುಕುವವರಿಗೆ ಸ್ಟೇನ್‌ಲೆಸ್ ಕೊಡೋಣ ಎಂದು ಮಗಳು ಎಷ್ಟೋ ಸಲ ಹೇಳಿದ್ದಳು. ಬುದ್ಧಿ ಇರುವ ಮಾತು. ಅದಕ್ಕೇ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಇವಳು ಅಳಿಯನ ಚೀಲವನ್ನು ಇಳಿಸಿಕೊಂಡು ಮೇಜಿನ ಮೇಲೆ ಬೋರಲು ಹಾಕಿದಳು. ಅರ, ಇಕ್ಕಳ, ತಿರುಪುಳಿ, ಒಂದು ಕಾಲುಚೀಲ. ಕೊನೆಗೆ ಗಾಳಿಗೆ ತೂರಾಡುತ್ತ ಇಳಿದದ್ದು ಬ್ರೆಡ್ಡಿನ ಪೊಟ್ಟಣದಿಂದ ಕತ್ತರಿಸಿದ ಮೇಣದ ಕಾಗದದ ತೆಳ್ಳಗಿನ ಪಟ್ಟಿ. ಅದರ ಮೇಲೂ ಎಣ್ಣೆ.

"ಇದು ನಿಮ್ಮದಾ?" ಎಂದು ಅಳಿಯನನ್ನು ಕೇಳಿದಳು.

"ಕಾಲುಚೀಲ ನಂದು. ಕಾಗದ ಗೊತ್ತಿಲ್ಲ ಅಕ್ಕ."

ಇವಳು ಕಾಗದವನ್ನು ಮೂಸಿದಳು. ಆಮೇಲೆ ಚಾಕುವನ್ನೂ ಮೂಸಿದಳು. ಆಮೇಲೆ ಇದ್ದಕ್ಕಿದ್ದ ಹಾಗೆ ನನ್ನ ಕಡೆ ತಿರುಗಿ, "ಇವರಿಗೆ ಹಸಿವಾಗಿದೆ," ಎಂದಳು. "ಸೇಬಿದ್ರೆ ಕೊಡಮ್ಮ. ಎಲ್ಲರೂ ಒಂದೊಂದು ಹಣ್ಣು ಕತ್ತರಿಸಿಕೊಡಿ. ಇವರ ಹೊಟ್ಟೆ ತಾಳ ಹಾಕ್ತಿದ್ರೆ ನನ್ನ ತಲೆ ಓಡಲ್ಲ."

ನಾನು ಹಸಿದಿದ್ದೇನೆಂದು ಯಾರು ಹೇಳಿದರು? ಆದರೆ ಹಸಿದಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತಿತ್ತು.

ಈ ಕಾರ್ಖಾನೆಯಲ್ಲಿ ಸೇಬಿಗೆ ಬರವಿಲ್ಲ. ಅದಕ್ಕೂ ಒಂದು ಕಾರಣವಿದೆ. ಹೊಸ ಕಾರ್ಬನ್ ಅಲಗು ಸಾಣೆಯಿಂದ ಇಳಿದ ಕೂಡಲೇ ಅದನ್ನು ಒಂದು ಸೇಬಿಗೆ ಚುಚ್ಚಿ ಬಿಟ್ಟುಬಿಡುತ್ತಾರೆ. ಹಣ್ಣಿನ ಹುಳಿಗೆ ಅಲಗಿನ ಮೇಲೆ ಮೋಡ ಕವಿದಂತೆ ಬೂದುನೀಲಿ ಬಣ್ಣ ಏಳುತ್ತದೆ. ಇವರು ಅದನ್ನು 'ಮೊದಲ ತುತ್ತು' ಎನ್ನುತ್ತಾರೆ. ಆ ಬಣ್ಣ ಉಕ್ಕಿನ ಮೈಗೇ ಹತ್ತಿದ್ದು, ಬಟ್ಟೆಯಲ್ಲಿ ಎಷ್ಟು ಉಜ್ಜಿದರೂ ಬಿಟ್ಟುಬರುವುದಿಲ್ಲ. ತುಕ್ಕನ್ನೂ ಒಂದಿಷ್ಟು ದೂರ ಇಡುತ್ತದೆ. ಈ ರೂಢಿ ಹಾಕಿದವರು ಯಜಮಾನರ ಹೆಂಡತಿ. ಅವರು ತಮ್ಮ ಕೈಯಾರೆ ಮಾಡಿದ ಮೊದಲ ಚಾಕುವೇ ಅಮ್ಮನ ಚಾಕು. ಅವರು ಹೋದ ಮೇಲೆ ಅದು ಗಾಜಿನ ಪೆಟ್ಟಿಗೆ ಸೇರಿತು. ಅದರ ಬೀಗದ ಕೈ ಮಾತ್ರ ಎಲ್ಲರ ಕಣ್ಣಿಗೂ ಬೀಳುವ ಹಾಗೆ ಮೊಳೆಗೆ ನೇತಾಡುತ್ತಿರುತ್ತದೆ.

ಎಲ್ಲರೂ ತಂತಮ್ಮ ಜೇಬಿನ ಚಾಕು ಬಿಚ್ಚಿದರು. ಮುಖ ಮುಖ ನೋಡದೆ ಹಣ್ಣು ಕತ್ತರಿಸಿದರು. ನಾನು ಪ್ರಾಮಾಣಿಕವಾಗಿ ತಿಂದೆ.

ಯಜಮಾನರ ಹೋಳಿನ ಅಂಚಿಗೆ ಸ್ವಲ್ಪ ಕಬ್ಬಿಣದ ರುಚಿ ಇತ್ತು. ಹೋಳು ನನ್ನ ಕೈಗೆ ಬರುವ ಮೊದಲೇ ಅವರ ಚಾಕು ತೊಡೆಯ ಮೇಲೆ ಆ ಕಡೆ ಈ ಕಡೆ ಒರೆಸಿ ಆಗಿತ್ತು. ಬೆರಳ ತುದಿಗೆ ಒಂದು ತೊಟ್ಟು ಎಣ್ಣೆ ಇಳಿಸಿಕೊಂಡು ಅಲಗಿಗೆ ಸವರಿದರು, ಮಡಚಿದರು. ಅಷ್ಟು ಆಗುವವರೆಗೆ ಅವರು ಯಾರ ಜೊತೆಗೂ ಮಾತಾಡುವುದಿಲ್ಲ. ಮನೆಗೆ ಬೆಂಕಿ ಬಿದ್ದರೂ ಮೊದಲು ಚಾಕು ಒರೆಸುವ ಮನುಷ್ಯ ಎಂದು ಮಗಳೇ ತಮಾಷೆ ಮಾಡುವುದುಂಟು.

ಮಗಳು ಮೂಗು ಸೊರಸೊರ ಎನ್ನಿಸುತ್ತಲೇ ಏಪ್ರನ್ ಅಂಚಿನಲ್ಲಿ ಒರೆಸಿ, ಎಣ್ಣೆ ಮುಟ್ಟಿಸಿ, ಮಡಚಿದಳು.

ಅತ್ತೆಯದು ದೊಡ್ಡ ಸಂಭ್ರಮ. ಸೊಂಟಕ್ಕೆ ಸಿಕ್ಕಿಸಿದ್ದ ಮೆತ್ತನೆ ಚರ್ಮದ ತುಂಡಿನಿಂದ ಅಲಗಿನ ಬೆನ್ನಿನಿಂದ ಅಂಚಿನ ಕಡೆಗೆ ಒರೆಸಿದರು. ಕೋಳಿಗರಿಯನ್ನು ಎಣ್ಣೆಗೆ ಅದ್ದಿ ಕೀಲಿಗೊಂದು ಹನಿ, ಅಲಗಿಗೊಂದು ಎಳೆ. ಕೊನೆಗೆ ಏಪ್ರನ್ ಜೇಬಿನಿಂದ ಒಂದು ತೆಳ್ಳಗಿನ ಮೇಣದ ಕಾಗದ ತೆಗೆದು ಅಲಗಿನ ಜೊತೆ ಹಿಡಿಯ ಸಂದಿಗೆ ಸೇರಿಸಿ, ಮಗು ಮಲಗಿಸಿದ ಹಾಗೆ ಮಡಚಿದರು.

ಅಳಿಯ ಸೇಬು ಕತ್ತರಿಸಿದ, ರಸ ಸುರಿಯುತ್ತಿದ್ದ ಸ್ಟೇನ್‌ಲೆಸ್ ಅಲಗನ್ನು ಹಾಗೇ ಟಪ್ಪನೆ ಮಡಚಿ ಜೇಬಿಗೆ ತುರುಕಿದ.

ಉಳಿದ ಮೂವರೂ ಒಟ್ಟಿಗೇ ಮುಖ ಕಿವುಚಿದರು. ಜಗಳ, ಚೀಲ, ಕಣ್ಣೀರು ಎಲ್ಲವನ್ನೂ ಆ ಒಂದು ಕ್ಷಣ ಮರೆತು ಮೂವರೂ "ಅಯ್ಯೋ!" ಎಂದರು.

"ಏನಾಗಲ್ಲ ಅಂತ ಎಷ್ಟು ಸಲ ಹೇಳೋದು?" ಎಂದ ಅಳಿಯ. "ಇದು ತುಕ್ಕು ಹಿಡಿಯಲ್ಲ!"

"ತುಕ್ಕು ಹಿಡಿಯದೆ ಇರಬಹುದು. ನೋಡೋಕಾಗಲ್ಲ!" ಎಂದರು ಅತ್ತೆ.

ಇವಳಿಗೆ ನಗು ತಡೆಯಲಾಗಲಿಲ್ಲ. ಆಗ ನನಗೆ ಹೊಳೆಯಿತು. ಇವಳು ಯಾರ ಹಣ್ಣನ್ನೂ ನೋಡಿರಲಿಲ್ಲ. ಹಣ್ಣು ಕತ್ತರಿಸಿದ ಮೇಲೆ ಕೈ ಏನು ಮಾಡುತ್ತದೆ ಎಂದು ನೋಡುತ್ತಿದ್ದಳು. ನಾನು ಬರೀ ಬಾಯಿ ಆಡಿಸಿದ್ದೆ.

"ಯಜಮಾನರೇ," ಎಂದಳು, "ನಿಮ್ಮ ಅಳಿಯ ಯಾವತ್ತಾದ್ರೂ ಚಾಕುಗೆ ಎಣ್ಣೆ ಹಚ್ಚಿದ್ದುಂಟಾ?"

"ಅವನಾ? ಜನ್ಮದಲ್ಲಿಲ್ಲ! ಹಿಂದೊಂದ್ಸಲ ನಿಂಬೆಹಣ್ಣು ಹೆಚ್ಚಿ ನನ್ನ ಚಾಕುನ ಒದ್ದೆಯಾಗೇ ಮಡಚಿಟ್ಟ. ಬೆಳಿಗ್ಗೆ ನೋಡಿದ್ರೆ ಕೀಲು ಕೆಂಪಗೆ ತುಕ್ಕು. ಮೂರು ದಿನ ನಾನು ಊಟ ಬಿಟ್ಟೆ."

"ಎರಡು ದಿನ ಅಪ್ಪಾ. ಮೂರನೇ ದಿನ ಉಂಡ್ರಿ," ಎಂದಳು ಮಗಳು.

"ಹಾಗಾದ್ರೆ ಈ ಚಾಕುಗೆ ಎಣ್ಣೆ ಹಚ್ಚಿ, ಕಾಗದ ಸೇರಿಸಿ, ಅಳಿಯನ ಚೀಲಕ್ಕೆ ಹಾಕಿದ್ದು ಅಳಿಯ ಅಲ್ಲ," ಎಂದಳು ಇವಳು. "ಕದ್ದ ಮಾಲು ಬೇರೆಯವನ ಚೀಲಕ್ಕೆ ತುರುಕೋವಾಗಲೂ ಒಣಗಿದ ಚಾಕು ಹಾಗೇ ಇಡೋಕೆ ಮನಸ್ಸು ಬಾರದವರು ಯಾರೋ ಇದಾರೆ ಇಲ್ಲಿ."

ಅಷ್ಟರಲ್ಲಿ ಮೂಲೆಯ ಸಾಣೆ ಚಕ್ರ ಗುರ್ರೆಂದು ತಿರುಗಲು ಶುರುವಾಯಿತು.

ಅತ್ತೆ ನಮ್ಮ ಕಡೆ ಬೆನ್ನು ಹಾಕಿ ಕೂತು ಯಾವುದೋ ಅಲಗನ್ನು ಕಲ್ಲಿಗೆ ಹಿಡಿದಿದ್ದರು. ಕಿಡಿ ಹಾರುತ್ತಿದ್ದವು. ಇವಳು ಹೋಗಿ ಅವರ ಎದುರಿನ ಮಣೆಯ ಮೇಲೆ ಕೂತಳು.

"ಅತ್ತೆ, ಆ ಅಲಗು ಆಗ್ಲೇ ಹರಿತ ಆಗಿದೆ."

"ಇನ್ನೂ ಆಗಬೇಕು."

"ಇನ್ನು ಹಿಡಿದ್ರೆ ಅಲಗೇ ಉಳಿಯಲ್ಲ."

ಚಕ್ರ ನಿಂತಿತು. ಅತ್ತೆ ಕೈಯಲ್ಲಿದ್ದ ಅಲಗನ್ನು ನೋಡಿದರು. ಅದು ನಿಜಕ್ಕೂ ಸವೆದು ಬಡವಾಗಿತ್ತು.

"ಕಾಗದದ ಪಟ್ಟಿ ಈ ಮನೇಲಿ ಇಡೋರು ನೀವೊಬ್ಬರೇ," ಎಂದಳು ಇವಳು ಮೆಲ್ಲಗೆ.

"ಬ್ರೆಡ್ಡು ಎಲ್ಲರೂ ತಿಂತಾರೆ."

"ಕಾಗದ ಎತ್ತಿಡೋರು?"

ಅತ್ತೆಯ ಬಾಯಿಗೆ ಬೀಗ ಬಿತ್ತು. ಈ ಮನೆಯಲ್ಲಿ ಅದನ್ನು ಯಾರೂ ನೋಡಿರಲಿಲ್ಲ. ಯಜಮಾನರು ಕೂಡ ಕುತ್ತಿಗೆ ಉದ್ದ ಮಾಡಿದರು.

"ಹೂಂ ಕಣೇ, ನಾನೇ!" ಎಂದು ಅತ್ತೆ ಒಮ್ಮೆಲೇ ಸಿಡಿದರು. "ಏನೀಗ? ಹೋದ ವಾರ ಅಣ್ಣ ಇವನ ಆ ಹೊಳೆಯೋ ಚಾಕುನ ಕೈಯಲ್ಲಿ ಹಿಡಿದು, ಪರವಾಗಿಲ್ಲ ಅಂದುಬಿಟ್ಟ. ಪರವಾಗಿಲ್ಲ ಅಂತೆ! ಅಣ್ಣನ ಬಾಯಲ್ಲಿ! ಇನ್ನು ಸ್ಟೇನ್‌ಲೆಸ್ ಒಳಗೆ ಬಂತು ಅಂದ್ರೆ ನನ್ನ ಕಲ್ಲು, ನನ್ನ ಗರಿ, ಅತ್ತಿಗೆ ಹಾಕಿಕೊಟ್ಟ ಮೊದಲ ತುತ್ತು, ಎಲ್ಲ ಅಟ್ಟ ಸೇರುತ್ತೆ. ಅದಕ್ಕೇ ಚಾಕು ತೆಗೆದು ಇವನ ಚೀಲಕ್ಕೆ ಹಾಕಿದೆ. ಒಂದು ವಾರ ಅಣ್ಣ ಇವನ ಮೇಲೆ ಮುನಿಸಿಕೊಳ್ಳಲಿ, ಅಷ್ಟರಲ್ಲಿ ದೋಣಿಯವರಿಗೆ ಕಾರ್ಬನ್ ಅಂತ ಹೇಳಿ ಆಗಿರುತ್ತೆ ಅಂತ. ಮನೆ ಬಿಡು ಅಂತಾನೆ ಅಂತ ನನಗೇನು ಕನಸು ಬಿದ್ದಿತ್ತಾ?"

"ಬೆಳಿಗ್ಗೆನೇ ಹೇಳಬಹುದಿತ್ತಲ್ಲ ಅತ್ತೆ," ಎಂದಳು ಮಗಳು.

"ಹೇಳೋಣ ಅಂತ ಬಾಯಿ ತೆರೆದೆ. ನಿಮ್ಮಪ್ಪನ ಹುಬ್ಬು ನೋಡಿದೆ. ಮುಚ್ಕೊಂಡೆ." ಅತ್ತೆ ಚರ್ಮದ ತುಂಡಿನಿಂದಲೇ ಕಣ್ಣೊರೆಸಿಕೊಂಡರು. ಕೆನ್ನೆಯ ಮೇಲೆ ಎಣ್ಣೆಯ ಪಟ್ಟೆ ಎಳೆದುಕೊಂಡಿತು. "ಬೆಳಿಗ್ಗೆಯಿಂದ ಒಂದು ಹನಿ ನೀರು ಗಂಟಲಲ್ಲಿ ಇಳಿದಿಲ್ಲ ನಂಗೆ. ತಪ್ಪಾಯ್ತು ಕಣಪ್ಪ. ನಿನ್ನನ್ನ ಬೈಯೋಕೆ ನೀನು ಇಲ್ಲೇ ಇರಬೇಕು."

ಅಳಿಯ ಒಂದು ಕ್ಷಣ ಅವರನ್ನೇ ನೋಡಿದ. ನಾನಾಗಿದ್ದರೆ ಸಿಟ್ಟಿಗೆ ಮೇಜು ಮಗುಚುತ್ತಿದ್ದೆ. ಅವನು ಒಳ್ಳೆಯವನು. ಅವನ ತುಟಿಯಂಚಿನಲ್ಲಿ ನಗು ಒಡೆಯಿತು.

"ಎಣ್ಣೆ ಯಾಕೆ ಹಚ್ಚಿದ್ರಿ ಅತ್ತೆ? ಹಾಗೇ ಹಾಕಿದ್ರೆ ಸಿಕ್ಕಿಬೀಳ್ತಾನೇ ಇರಲಿಲ್ಲ."

"ಅತ್ತಿಗೆ ಚಾಕು ಕಣೋ! ಹಾಗೇ ಹಾಕೋಕೆ ನಾನೇನು ನೀನಾ?"

ಮೊದಲು ಮಗಳು ನಕ್ಕಳು. ಅಳುತ್ತಲೇ ನಕ್ಕಳು. ಆಮೇಲೆ ಎಲ್ಲರೂ ನಕ್ಕರು, ಯಜಮಾನರೊಬ್ಬರನ್ನು ಬಿಟ್ಟು. ಅವರು ಗಂಟಲು ಸರಿಮಾಡಿಕೊಂಡು, ಅಳಿಯನ ಮುಖ ನೋಡದೆ, ಕಿಟಕಿಗೆ ಹೇಳಿದರು: "ಸರಿ. ಚೀಲ ಒಳಗಿಡು. ಆಯ್ತಲ್ಲಮ್ಮ, ಇನ್ನು ಚಾಕು ಕೊಡಿ."

ಈ ಮನುಷ್ಯನ ಬಾಯಲ್ಲಿ ತಪ್ಪಾಯ್ತು ಎನ್ನುವುದು ಇಷ್ಟೇ ಬರುವುದು ಎಂದು ನನಗೆ ಗೊತ್ತಿತ್ತು. ಮನಸ್ಸು ಹಗುರಾಯಿತು. ಟೀ ಬರುತ್ತದೆ, ಕುಡಿದು ಮನೆಗೆ ಹೋಗುವುದು ಎಂದುಕೊಂಡೆ. ಟೀ ಬಂತು ಕೂಡ.

ಆದರೆ ಇವಳು ಚಾಕು ಕೊಡಲಿಲ್ಲ.

"ಅತ್ತೆ, ಇನ್ನೊಂದು ಕೇಳ್ತೀನಿ. ಎಣ್ಣೆ ಹಚ್ಚಿದ್ದಷ್ಟೇನಾ? ಇದರ ಅಂಚು ಹೊಸದಾಗಿ ಹೊಳೀತಿದೆ."

ಅತ್ತೆ ನಾಚಿಕೊಂಡರು. "ಮೊಂಡಾಗಿತ್ತು ಕಣೇ. ಕೈಯಲ್ಲಿ ಹಿಡಿದ ಮೇಲೆ ಮನಸ್ಸು ತಡೀಲಿಲ್ಲ. ಒಂಚೂರು ಕಲ್ಲಿಗೆ ಮುಟ್ಟಿಸಿದೆ."

"ಹೇಗೆ ಬಂತು ಅಂಚು?"

"ಅದೇ ನಂಗೂ..." ಅತ್ತೆ ಹುಬ್ಬು ಗಂಟಿಕ್ಕಿದರು. "ಅತ್ತಿಗೆ ಇದ್ದಾಗ ಇದಕ್ಕೆ ನಾನೇ ಕಲ್ಲು ಹಿಡೀತಿದ್ದೆ. ಎರಡು ಸಲ ಎಳೆದ್ರೆ ಮುಗೀತಿತ್ತು. ನಿನ್ನೆ ಯಾಕೋ ಜಾರಿ ಜಾರಿ ಹೋಗ್ತಿತ್ತು, ಎಷ್ಟು ಎಳೆದ್ರೂ ಅಂಚಿಗೆ ಏಳೋ ಉಕ್ಕಿನ ಎಳೆ ಬಿಡ್ತಾನೇ ಇರಲಿಲ್ಲ. ನಂಗೇ ವಯಸ್ಸಾಯ್ತೇನೋ ಅಂದುಕೊಂಡೆ."

ಇವಳು ಕೈಚೀಲದಿಂದ ನನ್ನ ಕರವಸ್ತ್ರ ತೆಗೆದು ಮೇಜಿನ ಮೇಲೆ ಹರಡಿದಳು. ಆ ಕಡುಗಪ್ಪು ಕಲೆ ಎಲ್ಲರ ಕಣ್ಣಿಗೂ ಬಿತ್ತು.

"ಮೊದಲ ತುತ್ತಿನ ಬಣ್ಣ ಉಜ್ಜಿದ್ರೂ ಬರಲ್ಲ ಅಲ್ವಾ?"

ಅಳಿಯ ಕಲೆಯ ಮೇಲೆ ಬೆರಳಾಡಿಸಿ ನೋಡಿದ.

"ಬರಲ್ಲ," ಎಂದ ಅಳಿಯ ನಿಧಾನವಾಗಿ. "ಬಟ್ಟೆಗೆ ಬಂದಿದೆ ಅಂದ್ರೆ ಅದು ಬಳಿದಿದ್ದು."

ನನ್ನ ಕರವಸ್ತ್ರ ಸಾಕ್ಷಿಯಾದ ಹೆಮ್ಮೆಯಲ್ಲಿ ನಾನೂ ಒಂದು ಕೈ ನೋಡೋಣ ಎಂದುಕೊಂಡೆ. ಸೂಜಿ, ಗುಂಡುಪಿನ್ನು ಎತ್ತಲು ನನ್ನ ಜೇಬಿನಲ್ಲಿ ಸದಾ ಒಂದು ಅಯಸ್ಕಾಂತ ಇರುತ್ತದೆ. ಅದನ್ನು ಅಲಗಿಗೆ ಹಿಡಿದೆ. ಟಕ್ಕೆಂದು ಅಂಟಿತು.

"ನೋಡಿ! ಕಾರ್ಬನ್ನೇ!" ಎಂದೆ ಎದೆಯುಬ್ಬಿಸಿ.

ಅಳಿಯ ಮೆತ್ತಗೆ ತನ್ನ ಜೇಬಿನ ಸ್ಟೇನ್‌ಲೆಸ್ ಚಾಕು ಬಿಚ್ಚಿ ಮುಂದೆ ಹಿಡಿದ. ಅಯಸ್ಕಾಂತ ಅದಕ್ಕೂ ಟಕ್ಕೆಂದು ಅಂಟಿತು.

"ಚಾಕು ಮಾಡೋ ಸ್ಟೇನ್‌ಲೆಸ್‌ಗೂ ಅಂಟುತ್ತೆ," ಎಂದ ಪಾಪ, ನನಗೆ ನೋವಾಗದ ಹಾಗೆ.

"ರೀ, ಟೀ ಕುಡೀರಿ," ಎಂದಳು ಇವಳು. ನಾನು ಪೆಚ್ಚುಮೋರೆ ಹಾಕಿಕೊಂಡು ಕುಡಿದೆ.

ಆಮೇಲೆ ಇವಳು ನಿಂಬೆಹಣ್ಣು ಕೇಳಿದಳು. ಒಂದು ಹೋಳು ಕತ್ತರಿಸಿ, ಅತ್ತೆ ಹೊಸದಾಗಿ ಕಲ್ಲಿಗೆ ಹಿಡಿದಿದ್ದ ಅಂಚಿನ ಉದ್ದಕ್ಕೆ ಅದನ್ನು ಮಲಗಿಸಿದಳು. ರಸ ಅಲಗಿನ ಮೇಲೆ ಹರಡಿತು.

"ಬಳಿದ ಬಣ್ಣ ಇರೋದು ಮೇಲ್ಗಡೆ. ಇಲ್ಲಿ ಬರೀ ಉಕ್ಕು. ಕಾರ್ಬನ್ ಆದ್ರೆ ನಾವು ಟೀ ಮುಗಿಸೋದ್ರೊಳಗೆ ಅಂಚೂ ಕಪ್ಪಾಗುತ್ತೆ, ನಿಂಬೆಹೋಳಿಗೂ ಕಪ್ಪು ಹತ್ತುತ್ತೆ. ಕಪ್ಪಾದ್ರೆ ಇದು ಅಮ್ಮನ ಚಾಕೇ, ಯಾರೋ ಮೇಲೆ ಬಣ್ಣ ಬಳಿದಿದ್ದಾರೆ ಅಷ್ಟೇ. ನಾನು ಎಲ್ಲರ ಹತ್ರ ಕ್ಷಮೆ ಕೇಳಿ ಹೊರಡ್ತೀನಿ."

"ಕಪ್ಪಾಗದಿದ್ರೆ?" ಎಂದಳು ಮಗಳು.

ಉತ್ತರ ಹೇಳಿದ್ದು ಅಳಿಯ. ಅವನ ಮುಖದ ನಗು ಆಗಲೇ ಇಳಿದಿತ್ತು.

"ಕಪ್ಪಾಗದಿದ್ರೆ ಪೆಟ್ಟಿಗೇಲಿ ಇದ್ದಿದ್ದೇ ನಕಲಿ. ಅಮ್ಮನದನ್ನ ಯಾವತ್ತೋ ಯಾರೋ ತೆಗೆದು, ಅದರ ಜಾಗಕ್ಕೆ ಸ್ಟೇನ್‌ಲೆಸ್‌ದು ಮಾಡಿ ಇಟ್ಟಿದಾರೆ. ಈ ಮನೇಲಿ ಸ್ಟೇನ್‌ಲೆಸ್ ಕೆಲಸ ಗೊತ್ತಿರೋದು ನನಗೊಬ್ಬನಿಗೇ." ಅವನು ಮೇಜಿನ ಮೇಲೆ ಹರಡಿದ್ದ ಅರ, ಇಕ್ಕಳಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದ. "ನಾನಲ್ಲ. ಆದ್ರೆ ನಾನೇ ಮಾವನ ಜಾಗದಲ್ಲಿ ನಿಂತು ನೋಡಿದ್ರೂ ನನ್ನ ಮೇಲೇ ಅನುಮಾನ ಬರುತ್ತೆ."

ಅವನ ಕೈಯನ್ನು ಹೆಂಡತಿ ಗಟ್ಟಿಯಾಗಿ ಹಿಡಿದುಕೊಂಡಳು. ಒಂದು ಹೋಳು ನಿಂಬೆಹಣ್ಣು ಈಗ ಈ ಇಬ್ಬರ ಸಂಸಾರ ಎಲ್ಲಿ ನಡೆಯಬೇಕು ಎಂದು ಹೇಳಬೇಕಿತ್ತು. ನನಗೆ ಇವಳ ಮೇಲೆ ಸಿಟ್ಟು ಬಂತು. ಬಗೆಹರಿದದ್ದನ್ನು ಬಗೆಹರಿದಂತೆ ಬಿಡುವ ಜಾಯಮಾನವೇ ಇವಳದಲ್ಲ. ನನ್ನ ಷರಟಿನ ಗುಂಡಿ ಕಳೆದರೂ ಹೀಗೇ, ಹೊಸದು ಹೊಲಿದುಕೊಂಡ ಮೇಲೂ ಹಳೆಯದನ್ನು ಹುಡುಕುತ್ತಾಳೆ.

ಎಲ್ಲರೂ ಮೇಜಿನ ಸುತ್ತ ಬಗ್ಗಿದೆವು. ಟೀ ಯಾರಿಗೂ ಬೇಡವಾಗಿ ತಣ್ಣಗಾಗಿತ್ತು. ಅತ್ತೆ ಬಾಯಲ್ಲಿ ಏನೋ ಮಣಮಣ ಎನ್ನುತ್ತಿದ್ದರು. ಕಪ್ಪಾಗು, ಕಪ್ಪಾಗು ಎನ್ನುತ್ತಿದ್ದಾರೆ ಎಂದು ಹತ್ತಿರ ಕಿವಿಯಿಟ್ಟಾಗ ತಿಳಿಯಿತು. ನಿನ್ನೆ ಇದೇ ಅಳಿಯನನ್ನು ಸಿಕ್ಕಿಸಲು ಹೊರಟಿದ್ದ ಹೆಂಗಸು!

"ಸಾಕು ಈ ಆಟ!"

ಕೂಗಿದವರು ಯಜಮಾನರು. ಅವರು ನಮ್ಮ ನಡುವೆ ಕೈ ತೂರಿಸಿ ಚಾಕು ಎತ್ತಿಕೊಂಡರು. ನಿಂಬೆಹೋಳು ನೆಲಕ್ಕೆ ಬಿತ್ತು.

"ನನ್ನ ಹೆಂಡತಿ ಚಾಕು ಇದು. ನಿಮ್ಮ ನಿಂಬೆಹಣ್ಣಿಗೂ ಟೀಗೂ ಇಟ್ಟಿದ್ದಲ್ಲ. ಕಪ್ಪಾಗೋದೂ ಬೇಡ, ಬಿಳಿ ಆಗೋದೂ ಬೇಡ. ಮುಗೀತು!"

ಎಂದವರೇ ಟಪ್ಪನೆ ಮಡಚಿ ಏಪ್ರನ್ ಜೇಬಿಗೆ ಹಾಕಿಕೊಂಡರು.

ಇವಳು ತಡೆಯಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಸುಮ್ಮನೆ ನಿಂತಳು. ಇವಳು ಹೀಗೆ ನಿಂತಾಗ ನನಗೆ ಯಾವತ್ತೂ ಹೆದರಿಕೆ.

"ಅಣ್ಣಾ..." ಎಂದರು ಅತ್ತೆ. ಅವರ ದನಿ ಇದ್ದಕ್ಕಿದ್ದ ಹಾಗೆ ಚಿಕ್ಕ ಹುಡುಗಿಯದಾಗಿತ್ತು. "ಅಣ್ಣಾ, ಒರೆಸಲಿಲ್ಲ ನೀನು."

ಯಜಮಾನರು ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು.

"ನಿಂಬೆರಸ ಇತ್ತು ಅದರ ಮೇಲೆ," ಎಂದಳು ಮಗಳು. "ಅಪ್ಪಾ, ಅಮ್ಮನ ಚಾಕು. ಒರೆಸದೇ ಮಡಚಿದ್ರಿ."

ನಾನು ಬಗ್ಗಿ ನೆಲದ ಮೇಲಿನ ನಿಂಬೆಹೋಳನ್ನು ಎತ್ತಿಕೊಂಡೆ. ಬೆಳಕಿಗೆ ಹಿಡಿದೆ. ಅಲಗಿಗೆ ಅಂಟಿಕೊಂಡಿದ್ದ ಬದಿಯಲ್ಲಿ ಒಂದು ಕಪ್ಪು ಗೆರೆಯೂ ಇರಲಿಲ್ಲ. ಈಗಷ್ಟೇ ಕತ್ತರಿಸಿದಂತೆ ಹಳದಿಯಾಗಿತ್ತು.

ನಾನು ಅದನ್ನು ಇವಳಿಗೆ ತೋರಿಸಿದೆ. ಇವಳು ನೋಡಲೂ ಇಲ್ಲ. ಇವಳಿಗೆ ಬೇಕಾದ ಉತ್ತರ ಆಗಲೇ ಸಿಕ್ಕಿತ್ತು.

"ಕಾರ್ಬನ್ ಅಲಗನ್ನ ಒದ್ದೆ ಮಡಚೋ ಕೈ ಅಲ್ಲ ನಿಮ್ಮದು ಯಜಮಾನರೇ," ಎಂದಳು. ದನಿಯಲ್ಲಿ ಗೆದ್ದ ಹೆಮ್ಮೆ ಇರಲಿಲ್ಲ, ಮರುಕವಿತ್ತು. "ಇದು ಕಾರ್ಬನ್ ಅಲ್ಲ ಅಂತ ಈ ಕೋಣೇಲಿ ಒಬ್ಬರಿಗೆ ಮೊದಲೇ ಗೊತ್ತಿತ್ತು. ಹೇಳಿ, ನಿಮ್ಮ ಹೆಂಡತಿ ಮಾಡಿದ ಚಾಕು ಎಲ್ಲಿ?"

ಯಜಮಾನರ ಏಪ್ರನ್ ಜೇಬಿನ ಮೇಲೆ ಒದ್ದೆ ನಿಧಾನವಾಗಿ ಹರಡುತ್ತಿತ್ತು. ಬಟ್ಟೆಯ ಮನುಷ್ಯ ನಾನು, ಅದನ್ನೇ ನೋಡುತ್ತಿದ್ದೆ. ಅವರ ದಪ್ಪ ಹುಬ್ಬು ಮೊದಲ ಸಲ ಕೆಳಗಿಳಿದಿತ್ತು. ಅವರು ಹೆಂಡತಿಯ ಖಾಲಿ ಪೆಟ್ಟಿಗೆಯ ಕಡೆ ನೋಡಿದರು, ಮಗಳ ಕಡೆ ನೋಡಿದರು. ಆಮೇಲೆ ಕುತ್ತಿಗೆಯ ಹಿಂದೆ ಕೈ ಹಾಕಿ ಏಪ್ರನ್ ಗಂಟು ಬಿಚ್ಚಿ, ಒದ್ದೆ ಜೇಬಿನ ಸಮೇತ ಅದನ್ನು ಗೂಟಕ್ಕೆ ನೇತುಹಾಕಿದರು. ಬಾಗಿಲ ಬಳಿ ಹೋಗಿ ಅಳಿಯನ ಮುಂದೆ ಕೈ ಚಾಚಿದರು.

"ಆ ಚೀಲ ಇಲ್ಲಿ ಕೊಡಪ್ಪ," ಎಂದರು. "ಅವಳದು ನನ್ನ ಕೈಯಿಂದಲೇ ಹೋಯ್ತು, ಅದರ ಜಾಗಕ್ಕೆ ಇದನ್ನ ಮಾಡಿಟ್ಟವನೂ ನಾನೇ. ಹೊರಡಬೇಕಾದವನು ನಾನು."